ಹಳೇ ಕಾರಿಗೆ ಹೊಸ ಜಮಖಾನ

ಕಾರು ಕೊಳ್ಳುವವರು ಮೊದಲು ಬಾನೆಟ್ಟು ಎತ್ತಿ ಎಂಜಿನ್ನು ನೋಡುತ್ತಾರೆ. ಏನೂ ತಿಳಿಯದವರು ಕೂಡ ಎಲ್ಲ ತಿಳಿದವರ ಹಾಗೆ ಮುಖ ಮಾಡಿಕೊಂಡು ಒಂದು ಸಲ ಬಗ್ಗಿ ನೋಡುತ್ತಾರೆ. ಟೈಲರ್ ಯಜಮಾನರು ಅದನ್ನೂ ಮಾಡಲಿಲ್ಲ. ಹಿಂದಿನ ಬಾಗಿಲು ತೆಗೆದು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಸೀಟಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಹೊಲಿಗೆ ಒಂದೇ ಸಮ ಇತ್ತು, ಮೂಲೆಯಲ್ಲಿ ಎಲ್ಲೂ ಸುಕ್ಕಿರಲಿಲ್ಲ. ಅಷ್ಟು ಸಾಕಾಯಿತು. ಅವರ ಹತ್ತಿರ ಕೋಟು ಹೊಲಿಸುತ್ತಿದ್ದ ಹಳೆಯ ಡಾಕ್ಟರು ಕಾರು ಮಾರುತ್ತೇನೆ ಅಂದಿದ್ದೇ ತಡ, ಅಂಗಡಿಯ ಮೇಲೊಂದು ಕೋಣೆ ಕಟ್ಟಿಸಲು ಕೂಡಿಟ್ಟಿದ್ದ ಹಣವನ್ನೆಲ್ಲ ತೆಗೆದುಕೊಟ್ಟು, ಬೆಣ್ಣೆ ಬಣ್ಣದ ಆ ಮುದಿ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿಯೇಬಿಟ್ಟರು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಕಾಜಾದಮ್ಮ ಎನ್ನುತ್ತಿದ್ದರು. ಗಂಡ ಹೊಲಿದ ಕೋಟಿಗೆ ಕಾಜಾ ಮಾಡಿ, ಗುಂಡಿ ಹಚ್ಚಿ, ಅಂಚು ಮಡಚಿ ಕೊಡುವುದು ಆಕೆಯ ಕೆಲಸ. ಇನ್ನೊಂದು ಕೆಲಸವೂ ಆಕೆಗಿತ್ತು, ಹೆದರುವುದು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವ ಹೆಂಗಸು ಆಕೆ. ಮನೆಯವರು ಎಷ್ಟೇ ಗೇಲಿ ಮಾಡಲಿ, ಮೊಮ್ಮಗಳು ಗುಬ್ಬಿ ಹುಟ್ಟಿದಾಗಿನಿಂದ ಒಮ್ಮೆಯೂ ಮಂಡಿ ತರಚಿಕೊಳ್ಳದೆ ಬೆಳೆದದ್ದು ಈ ಹೆದರಿಕೆಯ ಪುಣ್ಯದಿಂದಲೇ ಎಂದು ಎಲ್ಲರಿಗೂ ಗೊತ್ತಿತ್ತು. ಮಗ ಔಷಧದ ಅಂಗಡಿಯಲ್ಲಿ, ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮಗು ಅಜ್ಜಿಯ ಕೈಯಲ್ಲೇ ಇತ್ತು.

ಹಾರನ್ನಿನ ಸದ್ದಿಗೆ ಕಾಜಾದಮ್ಮ ಸೂಜಿ ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ರೀ ಇದು?"

"ಕಾರು."

"ಅದು ಕಣ್ಣಿಗೆ ಕಾಣ್ತಿದೆ. ಯಾರದ್ದು?"

"ನಮ್ದೇ! ಬಾ, ಸೀಟು ಮುಟ್ಟಿ ನೋಡು. ಇಂಥಾ ಹೊಲಿಗೆ ಈಗ ಯಾವನು ಹಾಕ್ತಾನೆ?"

"ರೋಡಲ್ಲಿ ಓಡೋದು ಸೀಟಾ ಕಾರಾ? ಎಂಜಿನ್ನು ಯಾರಿಗಾದ್ರೂ ತೋರಿಸಿದ್ರಾ?"

"ಡಾಕ್ಟ್ರು ಇಟ್ಕೊಂಡಿದ್ದ ಗಾಡಿ ಕಣೇ, ಅದಕ್ಕೇನು ರೋಗ ಇರತ್ತೆ?" ಎಂದು ಯಜಮಾನರು ತಮ್ಮ ಮಾತಿಗೆ ತಾವೇ ನಕ್ಕರು.

ಮಗನಾದರೂ ಬೈಯುತ್ತಾನೆ ಎಂದು ಆಕೆ ಸಂಜೆಯ ತನಕ ಕಾದಳು. ಅವನು ಬಂದವನು ಕಾರಿನ ಸುತ್ತ ಎರಡು ಸುತ್ತು ಹಾಕಿ, "ಅಪ್ಪ, ಇಂಥವನ್ನ ಸಂಗ್ರಹ ಮಾಡೋರು ಹುಡುಕ್ಕೊಂಡು ಬರ್ತಾರೆ. ಇಟ್ಟಷ್ಟೂ ಬೆಲೆ ಏರತ್ತೆ" ಅಂದ. ಸೊಸೆ ಬಾಗಿಲಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡಳು. ಗುಬ್ಬಿಯಂತೂ ಹಿಂದಿನ ಸೀಟಿನಿಂದ ಇಳಿಯಲಿಲ್ಲ, ಊಟದ ತಟ್ಟೆಯನ್ನು ಅಲ್ಲಿಗೇ ತರಬೇಕಾಯಿತು. ಮನೆಯಲ್ಲಿ ಹೆದರಿದವಳು ತಾನೊಬ್ಬಳೇ ಎಂದು ಕಾಜಾದಮ್ಮನಿಗೆ ಅಳುವೇ ಬಂತು.

ಮೊದಲ ಸವಾರಿಗೆ ಆಕೆ ಗಂಡನ ಪಕ್ಕ ಕೂತಳು, ಮಗುವನ್ನು ಹತ್ತಿಸಿಕೊಳ್ಳಲಿಲ್ಲ. ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, ಕಾಲಿನ ಹತ್ತಿರ ತಣ್ಣನೆ ಗಾಳಿ ಹೊಡೆಯಿತು. ಬಗ್ಗಿ ಸವೆದ ರಬ್ಬರು ಹಾಳೆ ಸರಿಸಿದಳು. ತುಕ್ಕು ತಿಂದ ತಗಡಿನಲ್ಲಿ ಅಂಗೈಯಗಲದ ತೂತು, ಆ ತೂತಿನಲ್ಲಿ ರಸ್ತೆ ಓಡುತ್ತಿತ್ತು.

"ನಿಲ್ಸಿ! ನಿಲ್ಸಿ ಅಂದೆ! ನೆಲಾನೇ ಇಲ್ವಲ್ರೀ ಇದಕ್ಕೆ!"

"ಒಂದು ತೂತು. ತೇಪೆ ಹಾಕಿದ್ರಾಯ್ತು."

"ಗುಬ್ಬಿ ಕಾಲು ಅದ್ರೊಳಗೆ ಹೋದ್ರೆ? ಯೋಚ್ನೆ ಮಾಡಿದ್ರಾ? ತೂತು ಮುಚ್ಚೋ ತನಕ ಮಗು ಇದನ್ನ ಹತ್ತಲ್ಲ. ನನ್ನ ಮೇಲೆ ಹಾಯಿಸಿಕೊಂಡು ಹೋಗಿ ಬೇಕಾದ್ರೆ."

ಗ್ಯಾರೇಜಿನವನು ಹೊಸ ತಗಡು ಬೆಸೆದುಕೊಟ್ಟ. ಬ್ರೇಕೂ ನೋಡಿದ, ಎಂಜಿನ್ನೂ ನೋಡಿದ, ಗಾಡಿ ಮುದುಕಿಯಾದರೂ ಗಟ್ಟಿಯಾಗಿದ್ದಾಳೆ ಅಂದ. ಕಾಜಾದಮ್ಮನಿಗೆ ಸಮಾಧಾನವಾಗಲಿಲ್ಲ. ತಗಡು ಎಂದರೆ ತಗಡು, ಕಾಲಿಟ್ಟರೆ ಡಬ್ಬದ ಹಾಗೆ ಸದ್ದು ಮಾಡುತ್ತಿತ್ತು. ಅದರ ಮೇಲೆ ದಪ್ಪನೆಯ ಜಮಖಾನ ಹಾಸಬೇಕು ಎಂದು ಆಕೆ ಹಟ ಹಿಡಿದಳು. ಯಜಮಾನರಿಗೂ ಅದು ಬಲು ಹಿಡಿಸಿತು. ಈ ಕಾರಿನಲ್ಲಿ ಅವರಿಗೆ ತಿಳಿದದ್ದು ಅಷ್ಟೇ ತಾನೆ, ಬಟ್ಟೆ! ಹಿಂದಿನ ಸೀಟಿನ ಕೆಳಗಿನದನ್ನು ಅವರು ಕತ್ತರಿಸಿದರು. ಮುಂದಿನದನ್ನು ಆಕೆ ವಹಿಸಿಕೊಂಡಳು. ಅಳತೆಗೆಂದು ಕಾಗದ ಹಿಡಿದು ಗ್ಯಾರೇಜಿಗೆ ಹೋದಾಗ ಅಲ್ಲಿಯವನು ಕಾರಿನಡಿಯಿಂದ ತಲೆ ಹೊರಹಾಕಿ, "ಅಮ್ಮಾ, ಪೆಡಲ್ ಹತ್ರ ಒಂದು ಗೇಣು ಬಿಟ್ಬಿಡಿ" ಎಂದು ಹೇಳಿ ಮತ್ತೆ ಒಳಗೆ ಸರಿದ.

ಆಕೆ ಬಿಟ್ಟಳು. ಕಾರು ಮನೆಗೆ ಬಂದ ಮೇಲೆ ಹಾಸಿ ನೋಡಿದಾಗ ಆ ಒಂದು ಗೇಣಿನಲ್ಲಿ ತಗಡು ಬರಿಮೈಯಲ್ಲಿ ಇಣುಕುತ್ತಿತ್ತು. ಬಟ್ಟೆ ಹೊಲಿಯುವವರ ಮನೆಯಲ್ಲಿ ಹಾಗೆ ಬಿಟ್ಟರೆ ಅದನ್ನು ಅಳತೆ ತಪ್ಪಿದ್ದು ಎನ್ನುತ್ತಾರೆ. ನಾಚಿಕೆಗೇಡು ಅನ್ನಿ. ಅದಕ್ಕಿಂತ ಹೆಚ್ಚಾಗಿ, ಆ ತಗಡು ಕಂಡಾಗಲೆಲ್ಲ ಆಕೆಗೆ ಅದರಡಿ ಓಡುವ ರಸ್ತೆ ನೆನಪಾಗುತ್ತಿತ್ತು. ಇನ್ನೊಂದು ತುಂಡು ಸೇರಿಸಿದಳು. ಒಳಗೆ ಕೋಟಿನ ಭುಜಕ್ಕೆ ಹಾಕುವ ಗಟ್ಟಿ ಪ್ಯಾಡು ಎರಡು ಪದರ, ಸುತ್ತಲೂ ಬೆರಳಿನಷ್ಟು ದಪ್ಪದ ಅಂಚು ಪಟ್ಟಿ. ಜಮಖಾನ ಪೆಡಲುಗಳ ಬುಡದ ತನಕ ಹೋಗಿ ಕೂತಿತು. ಒತ್ತುಗುಂಡಿ ಹಾಕಿ ಅಲುಗದಂತೆ ಬಿಗಿದಳು.

"ಭೇಷ್!" ಅಂದರು ಯಜಮಾನರು. "ಕಾಲರ್ ಕೂತ ಹಾಗೆ ಕೂತಿದೆ."

ಆಮೇಲಿನ ಕೆಲವು ವಾರ ಮನೆ ಹಿಗ್ಗಿತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಬ್ಬಿಯನ್ನು ಕಾರಿನಲ್ಲಿ ಸ್ಕೂಲಿಗೆ ಬಿಡುವರು. ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನ. ಕಾಜಾದಮ್ಮ ದಿನವೂ ಪಕ್ಕದಲ್ಲಿ ಕೂತು, "ಎಡಕ್ಕೆ ನೋಡಿ, ನಾಯಿ ಬಂತು, ಹಾರನ್ ಹೊಡೀರಿ" ಎಂದು ಜೀವ ತಿನ್ನುವಳು. ಆದರೂ ಕಾಲ ಕೆಳಗಿನ ಮೆತ್ತನೆಯ ಜಮಖಾನ ಮುಟ್ಟಿದಾಗ ಆಕೆಯ ಭಯ ಅರ್ಧ ಇಳಿಯುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ತರಕಾರಿಗೆಂದು ಮೂವರೂ ಹೊರಟರು. ಗುಬ್ಬಿ ಹಿಂದೆ. ಮಾರುಕಟ್ಟೆಗೆ ಮುಂಚೆ ಒಂದು ದಿಣ್ಣೆ ಹತ್ತಬೇಕು. ಕಾರು ಏದುಸಿರು ಬಿಟ್ಟಿತು. ಯಜಮಾನರು ಅಲ್ಲಿಯ ತನಕ ಎಂದೂ ಒತ್ತದಷ್ಟು ಬಲವಾಗಿ ಆಕ್ಸಿಲರೇಟರ್ ಒತ್ತಿದರು. ಕಾರು ದಿಣ್ಣೆ ಹತ್ತಿತು. ಹತ್ತಿದ ಮೇಲೂ ವೇಗ ಇಳಿಯಲಿಲ್ಲ. ಇಳಿಜಾರು ಬಂತು, ಎಂಜಿನ್ನು ಇನ್ನೂ ಅರಚುತ್ತಿತ್ತು.

"ನಿಧಾನ ರೀ!"

"ಆಗ್ತಿಲ್ಲ... ಹಿಡೀತಿಲ್ಲ ಇದು..."

"ಬ್ರೇಕು! ಬ್ರೇಕು!"

"ಒತ್ತಿದ್ದೀನಲ್ಲೇ!"

ಸುಟ್ಟ ರಬ್ಬರಿನ ವಾಸನೆ ಬಂತು. ಮುಂದೆ ಮಾರುಕಟ್ಟೆಯ ಬಾಗಿಲು, ಚೀಲ ಹಿಡಿದ ಜನ, ಕೈಗಾಡಿಗಳು. ಗುಬ್ಬಿ "ತಾತಾ" ಎಂದು ಕೂಗಿದ್ದು ಕಾಜಾದಮ್ಮನ ಬೆನ್ನಿಗೆ ಬಡಿಯಿತು. ಯಜಮಾನರು ಸ್ಟೀರಿಂಗನ್ನು ಎಡಕ್ಕೆ ಎಳೆದರು. ಕಟ್ಟುತ್ತಿದ್ದ ಮನೆಯೊಂದರ ಮುಂದೆ ಸುರಿದಿದ್ದ ಮರಳಿನ ರಾಶಿಗೆ ಕಾರು ಮೂತಿ ತೂರಿಸಿ, ಕೆಮ್ಮಿ, ನಿಂತಿತು.

ಮಗುವಿನ ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂದಿತ್ತು. ಅಷ್ಟೇ, ದೇವರು ದೊಡ್ಡವನು. ಜನ ಬಾಗಿಲು ತೆಗೆದು ಮಗುವನ್ನೂ ಯಜಮಾನರನ್ನೂ ಇಳಿಸಿಕೊಂಡರು. ಕಾಜಾದಮ್ಮನ ಕನ್ನಡಕ ಕೆಳಗೆ ಬಿದ್ದಿತ್ತು. ಅದನ್ನು ತಡಕಾಡಲು ಬಗ್ಗಿದಳು. ಗಂಡನ ಕಾಲಿದ್ದ ಜಾಗದಲ್ಲಿ ಆಕ್ಸಿಲರೇಟರ್ ಪೆಡಲು ಇನ್ನೂ ಕೆಳಗೇ ಇತ್ತು. ಅದರ ತುದಿ ಜಮಖಾನದ ದಪ್ಪ ಅಂಚಿನಡಿ ಸಿಕ್ಕಿಕೊಂಡಿತ್ತು. ಆಕೆ ಸೇರಿಸಿ ಹೊಲಿದ ತುಂಡು ಅದು. ಕೈ ತಾನಾಗಿ ಹೋಗಿ ಅಂಚನ್ನು ಬಿಡಿಸಿತು. ಪೆಡಲು ಟಕ್ಕೆಂದು ಮೇಲೆ ಬಂತು. ಯಾರೂ ನೋಡಲಿಲ್ಲ.

ಕಾರನ್ನು ಹಗ್ಗ ಕಟ್ಟಿ ಮನೆಗೆ ಎಳೆದು ತಂದಾಗ, ಮರಳು ಕೊಡವುತ್ತೇನೆ ಎಂದು ಆಕೆಯೇ ಜಮಖಾನ ಕಿತ್ತಳು. ಒಗೆದಳು, ಒಣಗಿಸಿದಳು, ಮಡಚಿ ಬೀರುವಿನ ಮೇಲಿಟ್ಟಳು. ಮರುದಿನ ಕಾರು ಬರಿ ತಗಡಿನಲ್ಲಿ ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನವನು ಎಲ್ಲ ಬಿಚ್ಚಿ ನೋಡಿ ಮಗನನ್ನು ಪಕ್ಕಕ್ಕೆ ಕರೆದ.

"ಗಾಡೀಲಿ ಏನೂ ತಪ್ಪಿಲ್ಲ ಸಾರ್. ಪೆಡಲು, ಬ್ರೇಕು, ಎಲ್ಲಾ ಸರಿಯಾಗಿದೆ. ನಾನು ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ. ವಯಸ್ಸಾದೋರು ಕೆಲವು ಸಲ ಬ್ರೇಕು ಅಂದ್ಕೊಂಡು ಇನ್ನೊಂದನ್ನ ಒತ್ತಿಬಿಡ್ತಾರೆ."

ಮಗ ಅದನ್ನು ಊಟಕ್ಕೆ ಕೂತಾಗ ಹೇಳಿದ. ಹೇಳಬಾರದೆಂದೇ ಇದ್ದ, ಯಜಮಾನರು ಕೆದಕಿ ಕೆದಕಿ ಹೇಳಿಸಿದರು. ಕೇಳಿ, "ಬ್ರೇಕೇ ಒತ್ತಿದ್ದೆ ಕಣೋ" ಅಂದರು.

"ಇರಬಹುದು ಅಪ್ಪ."

"ಇರಬಹುದು ಅಂದ್ರೆ?"

"ಗಾಬರೀಲಿ ಗೊತ್ತಾಗಲ್ಲ. ಬಿಡಿ, ಯಾರಿಗೂ ಏನೂ ಆಗ್ಲಿಲ್ವಲ್ಲ."

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇದ್ಯಲ್ಲ. ನೋಡ್ಲಿಲ್ವಾ, ನಾನು ಯಾವುದು ಒತ್ತಿದ್ದೆ?"

ಕಾಜಾದಮ್ಮ ತಟ್ಟೆಯಿಂದ ಕಣ್ಣೆತ್ತಿದಳು. ಎದುರಿಗೆ ಸೊಸೆ ಗುಬ್ಬಿಯ ಊದಿದ ತುಟಿಗೆ ಮುಲಾಮು ಹಚ್ಚುತ್ತಿದ್ದಳು. ನಿಜ ಹೇಳಿದರೆ ಏನಾಗುತ್ತದೆ? ಒಂದು ಗೇಣು ಬಿಡಿ ಅಂದದ್ದನ್ನು ಬಿಡದೆ ಮಗುವನ್ನು ಸಾವಿನ ಬಾಯಿಗೆ ಹಾಕಿದವಳು ಈ ಅಜ್ಜಿ ಎಂದಾಗುತ್ತದೆ. ಆಮೇಲೆ ಮಗುವನ್ನು ಈಕೆಯ ಕೈಗೆ ಯಾರು ಕೊಡುತ್ತಾರೆ?

"ನಾನು ರೋಡು ನೋಡ್ತಿದ್ದೆ ರೀ" ಅಂದಳು.

ಅಂದಿನಿಂದ ಮನೆಯಲ್ಲಿ ಆಕೆಯ ಮಾತಿಗೆ ಬೆಲೆ ಬಂತು. "ಅಮ್ಮ ಮೊದ್ಲೇ ಬೇಡ ಅಂದಿದ್ಲು, ನಾವೇ ಕೇಳ್ಲಿಲ್ಲ" ಎಂದು ಮಗ ಹೋದಲ್ಲಿ ಬಂದಲ್ಲಿ ಹೇಳಿದ. ಕಾರು ಮೂತಿ ಜಜ್ಜಿಕೊಂಡು ಮನೆಯ ಮುಂದೆ ನಿಂತಿತು. ಆಕೆ ಬಯಸಿದ್ದೆಲ್ಲ ಆಯಿತು. ಆದರೆ ರಸ್ತೆ ದಾಟುವಾಗ ಗುಬ್ಬಿಯ ಬೆರಳು ತಾತನ ಕೈಯಲ್ಲಿದ್ದರೆ, ಸೊಸೆ ಏನೋ ನೆನಪಾದವಳಂತೆ ಬಂದು, "ಬಾ ಪುಟ್ಟ, ಈ ಕಡೆ ಬಾ" ಎಂದು ಬಿಡಿಸಿಕೊಳ್ಳುವಳು. ಗದರುತ್ತಿರಲಿಲ್ಲ, ನಗುನಗುತ್ತಲೇ ಮಾಡುವಳು. ಯಜಮಾನರು ಖಾಲಿ ಕೈಯನ್ನು ಜೇಬಿಗೆ ಹಾಕಿಕೊಳ್ಳುವರು. ಕಾಜಾದಮ್ಮ ನೋಡಿಯೂ ನೋಡದ ಹಾಗೆ ಚೀಲದೊಳಗೆ ಏನನ್ನೋ ಹುಡುಕುವಳು.

ಯಜಮಾನರಿಗೆ ತಮ್ಮ ಮೇಲೇ ಅನುಮಾನ ಹತ್ತಿತು. ಅಂಗಡಿಯ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ಹಿಂದಿರುಗಿ ಎಳೆದು ನೋಡುವರು. ಅದು ತನ್ನ ಚಾಳಿ, ಅವರದ್ದಲ್ಲ ಎಂದು ಕಾಜಾದಮ್ಮನಿಗೆ ದಿಗಿಲಾಗುತ್ತಿತ್ತು. ಮೆಟ್ಟಿಲಿಳಿಯುವಾಗ ತಮ್ಮ ಕಾಲನ್ನೇ ದಿಟ್ಟಿಸುವರು. ಒಂದು ಮಧ್ಯಾಹ್ನ ಬೆಲೆಬಾಳುವ ಕೋಟಿನ ಬಟ್ಟೆ ಹರವಿ, ಗುರುತು ಹಾಕಿ, ಕತ್ತರಿ ಹಿಡಿದು ನಿಂತೇ ಇದ್ದರು. ಆಕೆ ಕಾಜಾ ಮುಗಿಸಿ ತಲೆಯೆತ್ತಿದಾಗಲೂ ನಿಂತಿದ್ದರು.

"ಏನ್ರೀ, ಅಳತೆ ಸರಿ ಇಲ್ವಾ?"

"ಅಳತೆ ಸರಿ ಇದೆ. ನನ್ನ ಕೈ ಮೇಲೆ ನಂಬಿಕೆ ಇಲ್ಲ."

"ಏನ್ ಮಾತು ಅಂತ ಆಡ್ತೀರಿ!"

"ಕಾಲು ಮೋಸ ಮಾಡಿದ ಹಾಗೆ ಕೈನೂ ಮಾಡಿದ್ರೆ? ಬ್ರೇಕು ಒತ್ತಿದ್ದೆ ಅಂತ ಇವತ್ತಿಗೂ ನನಗೆ ಅನ್ಸತ್ತೆ ಕಣೇ. ಒತ್ತಿರ್ಲಿಲ್ಲ ಅಂದ್ರೆ, ನನ್ನ ತಲೆ ಕೆಟ್ಟಿದೆ ಅಂತಾನೇ ಅರ್ಥ ಅಲ್ವಾ?"

ಈಗ ಹೇಳಿಬಿಡಬೇಕು ಎಂದುಕೊಂಡಳು. "ಚಹಾ ತರ್ತೀನಿ ತಡೀರಿ" ಎಂದು ಎದ್ದುಹೋದಳು. ಸ್ಟವ್ವಿನ ಮುಂದೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಥೂ ನನ್ನ ಬಾಳೇ, ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡದ್ದರಿಂದ ಯಜಮಾನರ ಕೈಗೆ ಧೈರ್ಯ ಬರಲಿಲ್ಲ, ಆ ಬಟ್ಟೆಯನ್ನು ಗಿರಾಕಿಗೆ ವಾಪಸು ಕಳಿಸಿದರು.

ಮುಂದಿನ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ಯಾರೂ ಅದನ್ನು ಎತ್ತಿ ಆಡಲಿಲ್ಲ. ಮಗ ಗಂಟಲು ಸರಿಮಾಡಿಕೊಂಡ.

"ಅಪ್ಪ, ಒಂದು ಮಾತು. ಎಷ್ಟು ವರ್ಷ ದುಡಿದ್ರಿ. ಅಂಗಡಿ ಮುಚ್ಚಿಬಿಡಿ. ಮಿಷನ್ನು ಮಾರೋಣ. ಆರಾಮಾಗಿ ಮನೇಲಿರಿ."

ಕಾಜಾದಮ್ಮ ಗಂಡನ ಕಡೆ ತಿರುಗಿದಳು. ಉಪ್ಪಿಗೂ ಹುಳಿಗೂ ಜಗಳಕ್ಕೆ ನಿಲ್ಲುವ ಮನುಷ್ಯ, ಈಗ ತಟ್ಟೆ ತಳ್ಳಿ ಎದ್ದಾರು, ನಿಮ್ಮಪ್ಪನಿಗೆ ಇನ್ನೂ ರಟ್ಟೇಲಿ ಬಲ ಇದೆ ಎಂದಾರು ಎಂದು ಕಾದಳು.

"ಆಗಲಿ" ಅಂದರು ಯಜಮಾನರು.

ಕಾರು ಮರಳಿಗೆ ನುಗ್ಗಿದಾಗ ಕೂಡ ಆಕೆ ಹೀಗೆ ಹೆದರಿರಲಿಲ್ಲ. ಎಂಜಲು ಕೈಯಲ್ಲೇ ಎದ್ದಳು. ಕುರ್ಚಿ ಎಳೆದು ಹತ್ತಿ ಬೀರುವಿನ ಮೇಲಿಂದ ಜಮಖಾನ ಇಳಿಸಿದಳು.

"ಅಮ್ಮ, ಬೀಳ್ತೀಯ! ಏನದು?"

"ಹೊರಗೆ ಬನ್ನಿ. ಎಲ್ಲಾರೂ."

ಅವರು ಕಾರಿನ ಹತ್ತಿರ ಬರುವಷ್ಟರಲ್ಲಿ ಆಕೆ ಮುಂದಿನ ಬಾಗಿಲು ತೆಗೆದು ಜಮಖಾನ ಹಾಸಿ, ಒತ್ತುಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಕೊನೆಯದು ಕೂರಲೇ ಇಲ್ಲ. ಹಾಗೇ ಬಿಟ್ಟಳು.

"ನೀನು ಕೂತ್ಕೋ" ಅಂದಳು ಮಗನಿಗೆ. "ಕೀ ಹಾಕ್ಬೇಡ. ಆಕ್ಸಿಲರೇಟರ್ ಒತ್ತು. ಹಾಗಲ್ಲ, ಪೂರ್ತಿ. ಈಗ ಕಾಲು ತೆಗಿ."

ಮಗ ಕಾಲು ತೆಗೆದ. ಪೆಡಲು ಮೇಲೆ ಬರಲಿಲ್ಲ.

ಅವನು ಬಗ್ಗಿ ನೋಡಿದ. ಅಂಚು ಬಿಡಿಸಿದ, ಮತ್ತೆ ಒತ್ತಿದ. ಮತ್ತೆ ಅಲ್ಲೇ ನಿಂತಿತು. ಅವನು ಅಮ್ಮನ ಕಡೆ ತಿರುಗಿದ.

"ಯಾವಾಗಿಂದ ಗೊತ್ತಮ್ಮ ನಿಂಗೆ?"

"ಅವತ್ತಿಂದ. ನಾನೇ ಬಿಡಿಸಿದ್ದು. ಗ್ಯಾರೇಜಿನವನು ಜಾಗ ಬಿಡಿ ಅಂದಿದ್ದ, ನಾನೇ ಬಿಡ್ಲಿಲ್ಲ."

ಯಜಮಾನರು ಮಗನನ್ನು ಸರಿಸಿ, ಮಂಡಿಯೂರಿ, ಪೆಡಲನ್ನು ಕೈಯಿಂದ ಒತ್ತಿದರು. ಬಿಡಿಸಿದರು. ಒತ್ತಿದರು. ಎಷ್ಟು ಸಲ ಮಾಡಿದರೋ.

"ಹಾಗಾದ್ರೆ ನಾನು ಬ್ರೇಕೇ ಒತ್ತಿದ್ದೆ" ಅಂದರು. "ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬ್ಕೊಂಡಿದ್ನಲ್ಲೇ! ನೀನು ದಿನಾ ನನ್ನ ಮುಂದೆ ಕೂತು ಕಾಜಾ ಹೊಲೀತಿದ್ದೆ. ಒಂದು ಮಾತು ಹೇಳ್ಲಿಲ್ಲ."

ಸೊಸೆ ಮೆಲ್ಲಗೆ ಅಂದಳು, "ಅತ್ತೆ, ನಾನು ಮಾವನ ಕೈಯಿಂದ ಮಗೂನ ಕಿತ್ಕೋತಿದ್ದೆ. ದಿನಾ. ನೀವು ನೋಡ್ತಿದ್ರಿ."

"ಭಯ ಆಯ್ತಮ್ಮ."

"ಯಾತಕ್ಕೆ?"

"ನನ್ನ ಕೈಯಿಂದಾನೂ ಕಿತ್ಕೋತೀಯ ಅಂತ."

ಸೊಸೆ ಗುಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದಳು. ಯಜಮಾನರು ಒತ್ತುಗುಂಡಿ ಕಿತ್ತು ಜಮಖಾನವನ್ನು ಆಕೆಯ ಕಾಲ ಬುಡಕ್ಕೆ ಎಸೆದು, ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟುಹೋದರು. ಅವರು ಹಿಂದೆಂದಾದರೂ ಭಾನುವಾರ ಅಂಗಡಿ ತೆಗೆದದ್ದು ಯಾರಿಗೂ ನೆನಪಿಲ್ಲ. ಮಿಷನ್ನಿನ ಸದ್ದು ಸಂಜೆಯ ತನಕ ಬೀದಿಗೆ ಕೇಳುತ್ತಿತ್ತು. ಕಾಜಾದಮ್ಮ ಕಳಿಸಿದ ಚಹಾ ಹಾಗೇ ವಾಪಸು ಬಂತು.

ರಾತ್ರಿ ಯಜಮಾನರು ಅಂಗಡಿಯಿಂದ ಬಂದ ಮೇಲೆ, ಊಟಕ್ಕೆ ಮುಂಚೆ ಸೊಸೆ ನಡುಮನೆಗೆ ಬಂದು ನಿಂತಳು. "ನಾಳೆ ನಂಗೆ ಬೆಳಗಿನ ಪಾಳಿ. ಇವರೂ ಬೇಗ ಹೋಗ್ಬೇಕು. ಗುಬ್ಬೀನ ಸ್ಕೂಲಿಗೆ ಯಾರು ಬಿಡ್ತೀರಿ?"

ಕಾಜಾದಮ್ಮ ನೆಲ ನೋಡಿದಳು. ನಾನು ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

"ನಾನು ಬಿಡ್ತೀನಿ" ಅಂದರು ಯಜಮಾನರು. ಆಮೇಲೆ ಹೆಂಡತಿಯ ಕಡೆ ನೋಡದೆ, "ಅವಳೂ ಬರ್ಲಿ. ನಡ್ಕೊಂಡು ಹೋಗ್ತೀವಿ" ಅಂದರು.

ಬೆಳಗ್ಗೆ ದಾರಿಯುದ್ದಕ್ಕೂ ಗುಬ್ಬಿಯೊಬ್ಬಳೇ ಮಾತಾಡಿದಳು. ದೊಡ್ಡ ರಸ್ತೆ ಬಂತು. ಲಾರಿಗಳು, ಬಸ್ಸುಗಳು, ನಡುವೆ ನುಗ್ಗುವ ಸ್ಕೂಟರುಗಳು. ಮಗುವಿನ ಒಂದು ಕೈ ತಾತ ಹಿಡಿದಿದ್ದರು, ಇನ್ನೊಂದು ಅಜ್ಜಿಯ ಮುಷ್ಟಿಯೊಳಗಿತ್ತು.

"ಅಜ್ಜಿ, ಕೈ ನೋಯ್ತಿದೆ."

ಕಾಜಾದಮ್ಮ ಗಂಡನ ಮುಖ ನೋಡಿದಳು. ಅವರು ರಸ್ತೆಯ ಅಂಚಿನಲ್ಲಿ ನಿಂತು ತಮ್ಮ ಚಪ್ಪಲಿಯನ್ನು ಒಮ್ಮೆ ನೋಡಿಕೊಂಡರು.

"ತಾತನ ಕೈ ಗಟ್ಟಿಯಾಗಿ ಹಿಡ್ಕೋ ಪುಟ್ಟಿ" ಎಂದು ಮಗುವಿನ ಕೈ ಬಿಟ್ಟಳು.

ಯಜಮಾನರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮಗುವನ್ನು ಕರೆದುಕೊಂಡು ರಸ್ತೆಗಿಳಿದರು. ಆಕೆ ಇಳಿಯುವಷ್ಟರಲ್ಲಿ ಬಸ್ಸೊಂದು ಅಡ್ಡ ಬಂತು. ಅದು ದಾಟುವ ತನಕ ಆಕೆಗೆ ಇಬ್ಬರೂ ಕಾಣಲಿಲ್ಲ. ಬಸ್ಸು ಹೋಯಿತು. ಆಚೆ ಬದಿಯಲ್ಲಿ ಇಬ್ಬರೂ ನಿಂತಿದ್ದರು. ಯಜಮಾನರು ನಗಲಿಲ್ಲ, ಆದರೆ ಮುಂದೆ ಹೋಗಲೂ ಇಲ್ಲ. ಆಕೆ ದಾಟಿ ಬರುವ ತನಕ ಅಲ್ಲೇ ಕಾದರು.